'ಶೇ 100' ಎಷ್ಟು ಮಕ್ಕಳಲ್ಲಿ? ತುಮಕೂರಿನ ಶಾಲೆಗಳನ್ನು ಆನ್‌ಲೈನ್‌ನಲ್ಲಿ ಹೋಲಿಸಿ ನೋಡುವ ಬಗೆ

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ವಾರ ತುಮಕೂರಿನ ಬಿ.ಎಚ್. ರಸ್ತೆಯಲ್ಲಿ ಒಂದು ಸುತ್ತು ಹಾಕಿ. ಕಂಬಕ್ಕೊಂದು ಫ್ಲೆಕ್ಸ್. ಇಪ್ಪತ್ತು ಮೂವತ್ತು ಮಕ್ಕಳ ಪಾಸ್‌ಪೋರ್ಟ್ ಅಳತೆಯ ಫೋಟೊ, ಪಕ್ಕದಲ್ಲಿ 625ಕ್ಕೆ ಬಂದ ಅಂಕ, ಕೆಳಗೆ ದಪ್ಪಕ್ಷರದಲ್ಲಿ 'ಶೇ 100 ಫಲಿತಾಂಶ'. ಆ ನೂರು ಎಷ್ಟು ಮಕ್ಕಳಲ್ಲಿ ನೂರು ಎಂಬುದು ಮಾತ್ರ ಎಲ್ಲೂ ಬರೆದಿರುವುದಿಲ್ಲ. ಶಾಲೆಗಳನ್ನು ಹೋಲಿಸುವಾಗ ನಿಜವಾಗಿ ಬೇಕಾಗಿರುವುದು ಆ ಬರೆಯದೆ ಬಿಟ್ಟ ಸಂಖ್ಯೆ. ಫೋನಿನಲ್ಲೇ ತೆರೆಯಬಹುದಾದ ಸರ್ಕಾರಿ ಜಾಲತಾಣಗಳಿಂದ ಅದನ್ನು ಬಹುಮಟ್ಟಿಗೆ ಹೆಕ್ಕಿ ತೆಗೆಯಬಹುದು.

ಈ ತಾಣಗಳಲ್ಲಿ ಯಾವುದೂ 'ಇದು ಒಳ್ಳೆಯ ಶಾಲೆ' ಎಂದು ಹೇಳುವುದಿಲ್ಲ. ಒಂದೊಂದೂ ಒಂದೊಂದು ಪ್ರಶ್ನೆಗೆ ಉತ್ತರ ಕೊಡುತ್ತದೆ. ಶಾಲೆಯಲ್ಲಿ ಮಕ್ಕಳೆಷ್ಟು, ಮೇಷ್ಟ್ರೆಷ್ಟು, ಕೊಠಡಿ ಶೌಚಾಲಯ ಎಷ್ಟು ಎಂಬುದಕ್ಕೆ ಯುಡೈಸ್ ಪ್ಲಸ್, ಅಂದರೆ ದೇಶದ ಶಾಲೆಗಳ ಮಾಹಿತಿ ಇಡುವ ಕೇಂದ್ರ ಸರ್ಕಾರದ ತಾಣ. ಸಿಬಿಎಸ್‌ಇ ಶಾಲೆಯ ಮಾನ್ಯತೆ ನಿಜವೇ ಎಂಬುದಕ್ಕೆ ಸರಸ್ ಎಂಬ ಸಿಬಿಎಸ್‌ಇಯದೇ ತಾಣ. ಅದೇ ಶಾಲೆಯ ಮೂರು ವರ್ಷದ ಫಲಿತಾಂಶಕ್ಕೆ ಆ ಶಾಲೆಯದೇ ಜಾಲತಾಣದ ಕಡ್ಡಾಯ ಪ್ರಕಟಣೆಯ ಪುಟ. ರಾಜ್ಯ ಪಠ್ಯಕ್ರಮದ ಶಾಲೆಯ ಎಸ್ಸೆಸ್ಸೆಲ್ಸಿ ಲೆಕ್ಕಕ್ಕೆ ಸ್ವಲ್ಪ ಕಾಲು ಸವೆಸಬೇಕು, ಇಲ್ಲವೇ ಮಾಹಿತಿ ಹಕ್ಕಿನ ಅರ್ಜಿಗೆ ಹತ್ತು ರೂಪಾಯಿ ಖರ್ಚು ಮಾಡಬೇಕು.

ಯಾವ ತರಗತಿಗೆ ಹುಡುಕುತ್ತಿದ್ದೀರಿ

1ನೇ ತರಗತಿಗೆ ಸೇರಿಸುವವರೂ ಎಸ್ಸೆಸ್ಸೆಲ್ಸಿ ಫಲಿತಾಂಶ ನೋಡಿ ಶಾಲೆ ಆರಿಸುವುದು ನಮ್ಮಲ್ಲಿ ವಾಡಿಕೆ. ನಿಮ್ಮ ಮಗು 10ನೇ ತರಗತಿಗೆ ಬರುವ ಹೊತ್ತಿಗೆ ಈಗಿರುವ ಮೇಷ್ಟ್ರುಗಳಲ್ಲಿ ಎಷ್ಟು ಜನ ಉಳಿದಿರುತ್ತಾರೋ ಹೇಳಲಾಗದು. ಹಾಗಾಗಿ ಪ್ರಾಥಮಿಕಕ್ಕೆ ಆ ಫಲಿತಾಂಶದ ತೂಕ ಕಡಿಮೆ. ಅದರ ಬದಲಿಗೆ ನೋಡಲು ಬೇರೆ ಫಲಿತಾಂಶವಾದರೂ ಇದೆಯೇ ಎಂದರೆ, ರಾಜ್ಯ ಪಠ್ಯಕ್ರಮದಲ್ಲಿ 10ಕ್ಕಿಂತ ಕೆಳಗೆ ಶಾಲೆ ಶಾಲೆಗೂ ಹೋಲಿಸುವಂಥ ಬಹಿರಂಗ ಫಲಿತಾಂಶ ಇಲ್ಲ. 5, 8, 9ನೇ ತರಗತಿಗಳಿಗೆ ರಾಜ್ಯ ಪರೀಕ್ಷಾ ಮಂಡಳಿಯ ಮೂಲಕ ನಡೆಸಿದ ಪರೀಕ್ಷೆ ಕೋರ್ಟಿನ ಮೆಟ್ಟಿಲೇರಿ, 2024ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟಿನ ತಡೆಗೆ ಬಂದು ನಿಂತಿತು.

ಹೀಗಾಗಿ ಕೆಳಗಿನ ತರಗತಿಗಳಿಗೆ ಅಡ್ಡದಾರಿಯಿಂದ ಅಳೆಯಬೇಕು. 5ನೇ ತರಗತಿ ಮುಗಿಸಿದ ಮಕ್ಕಳಲ್ಲಿ ಎಷ್ಟು ಮಂದಿಗೆ ನವೋದಯ, ಮೊರಾರ್ಜಿ ದೇಸಾಯಿ ವಸತಿ ಶಾಲೆ, ಆದರ್ಶ ವಿದ್ಯಾಲಯದ ಸೀಟು ಸಿಕ್ಕಿತು ಎಂದು ಕೇಳಿ. ಮೂರಕ್ಕೂ 6ನೇ ತರಗತಿಗೆ ಪ್ರವೇಶ ಪರೀಕ್ಷೆ ಇದೆ, ಮೂರೂ ಶಾಲೆಯ ಹೊರಗಿನವರು ನಡೆಸುವ ಪರೀಕ್ಷೆಗಳು. 8ನೇ ತರಗತಿ ಇರುವ ಸರ್ಕಾರಿ, ಅನುದಾನಿತ ಶಾಲೆಯಾದರೆ ಎನ್‌ಎಂಎಂಎಸ್ ಪರೀಕ್ಷೆಯಲ್ಲಿ ಆಯ್ಕೆಯಾದವರ ಸಂಖ್ಯೆ ಕೇಳಿ. ವರ್ಷಕ್ಕೆ 12,000 ರೂಪಾಯಿ ವಿದ್ಯಾರ್ಥಿವೇತನ ಬರುವ ಪರೀಕ್ಷೆ ಅದು. ಒಂದು ಹಳ್ಳಿ ಶಾಲೆಯಿಂದ ವರ್ಷ ವರ್ಷವೂ ಮೂರು ನಾಲ್ಕು ಮಕ್ಕಳು ಆಯ್ಕೆಯಾಗುತ್ತಿದ್ದರೆ ಅಲ್ಲಿ ಯಾರೋ ಒಬ್ಬ ಮೇಷ್ಟ್ರು ಸಂಜೆ ಕೂತು ಹೇಳಿಕೊಡುತ್ತಿದ್ದಾರೆ ಎಂದೇ ತಿಳಿಯಬಹುದು. ಇಂಥ ಪಟ್ಟಿಯನ್ನು ಶಾಲೆಗಳು ಹೆಮ್ಮೆಯಿಂದ ಗೋಡೆಗೆ ಹಾಕಿಕೊಳ್ಳುತ್ತವೆ. ಮಕ್ಕಳು ಹೊರಗೆ ಕೋಚಿಂಗ್‌ಗೆ ಹೋಗಿದ್ದರೇ ಎಂದು ಜೊತೆಗೇ ಕೇಳಿಬಿಡಿ.

ಯುಡೈಸ್ ಪ್ಲಸ್: ಎಲ್ಲ ಶಾಲೆಗೂ ಒಂದೇ ಅಳತೆಗೋಲು

ಸರ್ಕಾರಿ, ಅನುದಾನಿತ, ಖಾಸಗಿ, ಸಿಬಿಎಸ್‌ಇ, ಐಸಿಎಸ್‌ಇ ಎಲ್ಲವನ್ನೂ ಒಂದೇ ನಮೂನೆಯಲ್ಲಿ ತೋರಿಸುವ ಜಾಲತಾಣ ಇದೊಂದೇ. ಮಾನ್ಯತೆ ಪಡೆದ ಪ್ರತಿ ಶಾಲೆಗೂ 11 ಅಂಕಿಯ ಕೋಡ್ ಇರುತ್ತದೆ. ಮೊದಲ ಎರಡು ಅಂಕಿ ರಾಜ್ಯದ್ದು, ಕರ್ನಾಟಕಕ್ಕೆ 29. ಆಮೇಲೆ ಎರಡು ಜಿಲ್ಲೆಗೆ, ಎರಡು ಬ್ಲಾಕಿಗೆ, ಮೂರು ಊರು ಅಥವಾ ವಾರ್ಡಿಗೆ, ಕೊನೆಯ ಎರಡು ಶಾಲೆಗೆ.

ಯುಡೈಸ್ ಪ್ಲಸ್‌ನ 'ನೋ ಯುವರ್ ಸ್ಕೂಲ್' ಪುಟ ತೆರೆಯಿರಿ. ವಿಳಾಸ 'ಗವ್ ಡಾಟ್ ಇನ್' ಎಂದು ಮುಗಿಯಬೇಕು, ಅದೇ ಹೆಸರಿಟ್ಟುಕೊಂಡ ಖಾಸಗಿ ತಾಣಗಳು ಹಳೆಯ ಅಂಕಿಗಳನ್ನು ಇಟ್ಟುಕೊಂಡಿರುತ್ತವೆ. ಲಾಗಿನ್ ಬೇಡ. ಕೋಡ್ ಗೊತ್ತಿದ್ದರೆ ಕೋಡ್ ಹಾಕಿ, ಇಲ್ಲದಿದ್ದರೆ ಹೆಸರು ಅಥವಾ ಪಿನ್‌ಕೋಡ್‌ನಿಂದ ಹುಡುಕಿ. ನಗರದೊಳಗೆ ಪಿನ್‌ಕೋಡೇ ಸಲೀಸು. 572101, 572102, 572103, ಕ್ಯಾತ್ಸಂದ್ರದ ಕಡೆಗೆ 572104 ಹೀಗೆ ಒಂದೊಂದಾಗಿ ಹಾಕಿದರೆ ನೀವು ಹೆಸರೇ ಕೇಳಿರದ ಶಾಲೆಗಳೂ ಮನೆ ಪಕ್ಕದಲ್ಲೇ ಸಿಗುತ್ತವೆ. ಶಾಲೆಯ ಹೆಸರು ಒತ್ತಿ, ವರ್ಷ ಆರಿಸಿ, ರಿಪೋರ್ಟ್ ಕಾರ್ಡ್ ತೆರೆದು ಪಿಡಿಎಫ್ ಇಳಿಸಿಕೊಳ್ಳಿ. ಒಂದು ವರ್ಷದ್ದು ಸಾಲದು, ಸಿಗುವಷ್ಟು ಹಿಂದಿನ ವರ್ಷಗಳದ್ದೂ ಬೇಕು. ಯಾಕೆ ಎಂಬುದು ಮುಂದೆ ಬರುತ್ತದೆ.

ಹುಡುಕುವಾಗ ಎಡವುವ ಜಾಗಗಳು ಕೆಲವಿವೆ. ಮೊದಲನೆಯದು ನಮ್ಮ ಜಿಲ್ಲೆಯದೇ. ಶಿರಾ, ಪಾವಗಡ, ಕೊರಟಗೆರೆ, ಮಧುಗಿರಿ ತಾಲ್ಲೂಕಿನ ಶಾಲೆಯನ್ನು 'ತುಮಕೂರು' ಜಿಲ್ಲೆ ಆರಿಸಿ ಹುಡುಕಿದರೆ ಸಿಗುವುದಿಲ್ಲ. ಶಿಕ್ಷಣ ಇಲಾಖೆಯ ಲೆಕ್ಕದಲ್ಲಿ ಈ ನಾಲ್ಕು ತಾಲ್ಲೂಕು ಮಧುಗಿರಿ ಶೈಕ್ಷಣಿಕ ಜಿಲ್ಲೆ. ತುಮಕೂರು, ಗುಬ್ಬಿ, ಕುಣಿಗಲ್, ತುರುವೇಕೆರೆ, ತಿಪಟೂರು, ಚಿಕ್ಕನಾಯಕನಹಳ್ಳಿ ಆರು ಮಾತ್ರ ತುಮಕೂರಿನವು. ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ಜಿಲ್ಲೆಯ ಸ್ಥಾನ ಎಷ್ಟನೆಯದು ಎಂದು ಪತ್ರಿಕೆಯಲ್ಲಿ ಬರುವುದೂ ಇದೇ ಲೆಕ್ಕದಲ್ಲಿ, ಎರಡನ್ನೂ ಬೇರೆ ಬೇರೆಯಾಗಿಯೇ. ಕಂದಾಯ ಜಿಲ್ಲೆಯನ್ನು ತಲೆಯಲ್ಲಿಟ್ಟುಕೊಂಡು ಹೋದವರು ಅರ್ಧ ಗಂಟೆ ಹುಡುಕಿ ಫೋನು ಬದಿಗಿಡುತ್ತಾರೆ.

ಎರಡನೆಯದು ಹೆಸರು. ಸರ್ಕಾರಿ ಶಾಲೆಗಳು ಜಿಎಲ್‌ಪಿಎಸ್, ಜಿಎಚ್‌ಪಿಎಸ್, ಜಿಎಚ್‌ಎಸ್ ಎಂಬ ಗಿಡ್ಡ ಹೆಸರಿನಲ್ಲಿರುತ್ತವೆ. ಕಿರಿಯ ಪ್ರಾಥಮಿಕ, ಹಿರಿಯ ಪ್ರಾಥಮಿಕ, ಪ್ರೌಢಶಾಲೆ ಎಂದು ಓದಿಕೊಳ್ಳಿ. ಊರಿನ ಹೆಸರು ಇಂಗ್ಲಿಷಿನಲ್ಲಿ ಒಂದೊಂದು ಕಡೆ ಒಂದೊಂದು ಥರ ಬರೆದಿರುತ್ತಾರೆ. ಜಿಲ್ಲೆಯ ಹೆಸರೇ 2014ರ ನವೆಂಬರ್‌ವರೆಗೆ ಬೇರೆ ಕಾಗುಣಿತದಲ್ಲಿತ್ತು. ಪೂರ್ತಿ ಹೆಸರು ಟೈಪು ಮಾಡದೆ ಮೊದಲ ನಾಲ್ಕೈದು ಅಕ್ಷರ ಮಾತ್ರ ಹಾಕಿ ನೋಡಿ.

ಮೂರನೆಯದು ದುಬಾರಿಯ ತಪ್ಪು. ಒಂದೇ ಕಾಂಪೌಂಡಿನಲ್ಲಿ ಎರಡು ಮೂರು ಕೋಡ್ ಇರಬಹುದು. ಸರ್ಕಾರಿ ಪ್ರಾಥಮಿಕ ಮತ್ತು ಪ್ರೌಢಶಾಲೆಗೆ ಬೇರೆ ಬೇರೆ ಕೋಡ್ ಇರುವುದು ಸಾಮಾನ್ಯ. ಖಾಸಗಿಯಲ್ಲಿ ಒಂದೇ ಟ್ರಸ್ಟಿನ ರಾಜ್ಯ ಪಠ್ಯಕ್ರಮದ ಶಾಲೆ, ಸಿಬಿಎಸ್‌ಇ ಶಾಲೆ ಎರಡೂ ಒಂದೇ ಗೇಟಿನೊಳಗೆ, ಹೆಸರಿನಲ್ಲಿ ಒಂದು ಪದದ ವ್ಯತ್ಯಾಸದಲ್ಲಿ ನಡೆಯುತ್ತಿರುತ್ತವೆ. ಫ್ಲೆಕ್ಸ್‌ನಲ್ಲಿ ಎರಡರ ಮಕ್ಕಳೂ, ಕೆಲವೊಮ್ಮೆ ಬೇರೆ ಊರಿನ ಶಾಖೆಯ ಮಕ್ಕಳೂ ಒಟ್ಟಿಗೆ ನಿಂತಿರುತ್ತಾರೆ. ನಿಮ್ಮ ಮಗು ಸೇರುವುದು ಯಾವ ಕೋಡಿಗೆ ಎಂದು ಶಾಲೆಯಿಂದಲೇ ಬರೆಸಿಕೊಂಡು ಆ ಕಾರ್ಡನ್ನೇ ನೋಡಿ.

ಕಾರ್ಡನ್ನು ಓದುವ ಕ್ರಮ

ಕಾರ್ಡಿನಲ್ಲಿ ಹತ್ತಾರು ಸಾಲುಗಳಿವೆ. ಹೋಲಿಕೆಗೆ ಬೇಕಾಗುವುದು ಐದಾರು.

ತರಗತಿವಾರು ದಾಖಲಾತಿ ಮೊದಲು ನೋಡಬೇಕಾದ್ದು, ಹೆಚ್ಚು ಹೊತ್ತು ಕೊಡಬೇಕಾದ್ದೂ ಅದಕ್ಕೇ. ಮೂರು ನಾಲ್ಕು ವರ್ಷದ ಕಾರ್ಡುಗಳನ್ನು ಪಕ್ಕ ಪಕ್ಕ ಇಟ್ಟು ಓರೆಯಾಗಿ ಓದಿ. ಒಂದು ವರ್ಷದ 3ನೇ ತರಗತಿ, ಮುಂದಿನ ವರ್ಷದ 4ನೇ ತರಗತಿ, ಅದರ ಮುಂದಿನ ವರ್ಷದ 5ನೇ ತರಗತಿ. ಹೀಗೆ ನೋಡಿದರೆ ಒಂದೇ ತಂಡದ ಮಕ್ಕಳು ಮೇಲೆ ಬರುತ್ತಾ ಉಳಿದರೋ ಉದುರಿದರೋ ಕಾಣುತ್ತದೆ. 5ರಿಂದ 6ಕ್ಕೆ ಸ್ವಲ್ಪ ಇಳಿದರೆ ಗಾಬರಿ ಬೇಡ, ಜಾಣ ಮಕ್ಕಳು ವಸತಿ ಶಾಲೆಗೆ ಹೋಗಿರುತ್ತಾರೆ. 7ಕ್ಕೆ ಮುಗಿಯುವ ಹಿರಿಯ ಪ್ರಾಥಮಿಕದಲ್ಲಿ 8 ಖಾಲಿ ಇರುವುದೂ ಸಹಜ. ಕೋವಿಡ್ ವರ್ಷಗಳಲ್ಲಿ ಖಾಸಗಿಯಿಂದ ಸರ್ಕಾರಿ ಶಾಲೆಗೆ ಬಂದವರು ಆಮೇಲೆ ವಾಪಸು ಹೋದದ್ದರಿಂದ ಆ ಏರಿಳಿತವನ್ನೂ ಲೆಕ್ಕಕ್ಕೆ ಹಿಡಿಯಬೇಡಿ. ಇವು ಯಾವುವೂ ಅಲ್ಲದೆ 2ರಿಂದ 3ಕ್ಕೆ, 6ರಿಂದ 7ಕ್ಕೆ ಮಕ್ಕಳು ಕರಗುತ್ತಿದ್ದರೆ ಪೋಷಕರು ಕಾಲು ಕೀಳುತ್ತಿದ್ದಾರೆ ಎಂದೇ ಅರ್ಥ. ಫೀಸು, ಬಸ್ಸು, ಪಾಠ, ಯಾವುದೋ ಒಂದು ಸರಿಯಿಲ್ಲ.

ಶಿಕ್ಷಕರ ಸಾಲಿನಲ್ಲಿ ಒಟ್ಟು ಸಂಖ್ಯೆ ನೋಡಿ ಭಾಗಿಸುವುದಕ್ಕೆ ಹೋಗಬೇಡಿ, ಕಾಯಂ ಎಷ್ಟು, ಉಳಿದವರು ಎಷ್ಟು ಎಂದು ಬಿಡಿಸಿ ನೋಡಿ. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ 1ರಿಂದ 5ಕ್ಕೆ 30 ಮಕ್ಕಳಿಗೊಬ್ಬರು, 6ರಿಂದ 8ಕ್ಕೆ 35ಕ್ಕೊಬ್ಬರು. ಪ್ರೌಢಶಾಲೆಯಲ್ಲಿ ಈ ಭಾಗಾಕಾರ ಮೋಸ ಮಾಡುತ್ತದೆ. 180 ಮಕ್ಕಳಿಗೆ 6 ಜನ ಎಂದರೆ 30ಕ್ಕೊಬ್ಬರು, ಚೆನ್ನಾಗೇ ಕಾಣುತ್ತದೆ. ಆ ಆರು ಜನರಲ್ಲಿ ಕನ್ನಡ, ಇಂಗ್ಲಿಷ್, ಹಿಂದಿ, ಸಮಾಜ, ಸಿಬಿಝಡ್ (ರಸಾಯನ, ಸಸ್ಯ, ಪ್ರಾಣಿಶಾಸ್ತ್ರ), ದೈಹಿಕ ಶಿಕ್ಷಣ ಇದ್ದು ಪಿಸಿಎಂ (ಭೌತ, ರಸಾಯನ, ಗಣಿತ) ಹುದ್ದೆ ಖಾಲಿ ಇದ್ದರೆ? ಗಣಿತ, ಭೌತಶಾಸ್ತ್ರಕ್ಕೆ ಜನವೇ ಇಲ್ಲ. ಕಾರ್ಡಿನಲ್ಲಿ ವಿಷಯವಾರು ಹೆಸರು ಬರುವುದಿಲ್ಲ, ಹಾಗಾಗಿ ಇದನ್ನು ಶಾಲೆಗೇ ಹೋಗಿ ಕೇಳಬೇಕು. ಸರ್ಕಾರಿ ಶಾಲೆಯಾದರೆ ಅತಿಥಿ ಶಿಕ್ಷಕರು ಎಷ್ಟು, ಅವರು ಬರುವುದು ಯಾವ ತಿಂಗಳು ಎಂದೂ ಕೇಳಿ. ಜೂನಿನಲ್ಲಿ ಶಾಲೆ ಶುರುವಾಗಿ ಅತಿಥಿಗಳು ತಡವಾಗಿ ಬಂದರೆ ಗಣಿತದ ಮೊದಲ ಅಧ್ಯಾಯಗಳು ಓಡಿಸಿಕೊಂಡು ಹೋಗುತ್ತವೆ. ಖಾಸಗಿಯಲ್ಲಿ ಕೇಳಬೇಕಾದ್ದು ಬೇರೆ: ಈಗಿರುವವರಲ್ಲಿ ಮೂರು ವರ್ಷಕ್ಕಿಂತ ಹೆಚ್ಚು ಇಲ್ಲೇ ಇರುವವರು ಎಷ್ಟು?

ಕೊಠಡಿಗಳಲ್ಲಿ 'ಸುಸ್ಥಿತಿ', 'ಸಣ್ಣ ದುರಸ್ತಿ', 'ದೊಡ್ಡ ದುರಸ್ತಿ' ಎಂದು ಬೇರೆ ಬೇರೆ ಲೆಕ್ಕ ಇರುತ್ತದೆ. 12 ಕೊಠಡಿ ಎಂದು ನೋಡಿ ಖುಷಿಪಡುವ ಮೊದಲು ಸುಸ್ಥಿತಿಯಲ್ಲಿ ಎಷ್ಟಿವೆ ಎಂದು ನೋಡಿ. ಶೌಚಾಲಯದಲ್ಲೂ 'ಒಟ್ಟು' ಮತ್ತು 'ಬಳಕೆಯಲ್ಲಿರುವ' ಎಂಬ ಎರಡು ಅಂಕಿ. ಬಳಕೆಯಲ್ಲಿರುವುದನ್ನೇ ಹೆಣ್ಣುಮಕ್ಕಳ ಸಂಖ್ಯೆಗೆ ಹೋಲಿಸಿ. 40 ಮಕ್ಕಳಿಗೆ ಒಂದು ಘಟಕ ಎಂಬುದು ಕೇಂದ್ರದ ಸ್ವಚ್ಛ ವಿದ್ಯಾಲಯ ಯೋಜನೆಯ ಲೆಕ್ಕ. 160 ಹೆಣ್ಣುಮಕ್ಕಳಿಗೆ 1 ಎಂದಿದ್ದರೆ ಮಧ್ಯಾಹ್ನದ ಬಿಡುವಿನಲ್ಲಿ ಆ ಸಾಲು ಎಷ್ಟು ಉದ್ದವಿರುತ್ತದೆ ಎಂದು ಯೋಚಿಸಿ.

ಗ್ರಂಥಾಲಯ, ಕಂಪ್ಯೂಟರ್ ಲ್ಯಾಬ್, ಇಂಟರ್‌ನೆಟ್ ಎಂಬ 'ಹೌದು–ಇಲ್ಲ' ಸಾಲುಗಳಿಗೆ ನಾವು ಕೊಡುವ ಬೆಲೆ ಕಡಿಮೆ. ಈ ಮಾಹಿತಿ ತುಂಬುವುದು ಶಾಲೆಯೇ. ಎಚ್‌ಎಂ ಕೊಠಡಿಯಲ್ಲಿ ಬೀಗ ಹಾಕಿದ ಸ್ಟೀಲ್ ಬೀರು ಇದ್ದರೂ ಗ್ರಂಥಾಲಯ 'ಹೌದು'. ಯುಪಿಎಸ್ ಕೆಟ್ಟು ಮೂರು ವರ್ಷದಿಂದ ಹೊದಿಕೆ ಹೊದ್ದು ಕೂತ ಕಂಪ್ಯೂಟರಿದ್ದರೂ ಲ್ಯಾಬ್ 'ಹೌದು'. ಇವು ಕಣ್ಣಿನಿಂದ ನೋಡಿಯೇ ಗೊತ್ತಾಗಬೇಕಾದವು. ಇನ್ನೊಂದು ಮಾತು, ಇಲ್ಲಿ ಸಿಗುವ ಮಾಹಿತಿ ಕಡಿಮೆಯೆಂದರೂ ಒಂದು ವರ್ಷ ಹಳೆಯದು. 2024–25ರ ಲೆಕ್ಕ ಹೊರಬಂದದ್ದು 2025ರ ಆಗಸ್ಟ್‌ನಲ್ಲಿ. ನಿನ್ನೆ ವರ್ಗವಾಗಿ ಹೋದ ಮೇಷ್ಟ್ರು ಕಾರ್ಡಿನಲ್ಲಿ ಇನ್ನೂ ಇರುತ್ತಾರೆ.

ಎಸ್ಸೆಸ್ಸೆಲ್ಸಿ ಶೇಕಡಾವಾರು: ಹೋಲಿಸುವ ಮೊದಲು ಬಿಡಿಸಿ

ಮಂಡಳಿಯ ಫಲಿತಾಂಶದ ತಾಣದಲ್ಲಿ ನೋಂದಣಿ ಸಂಖ್ಯೆ, ಹುಟ್ಟಿದ ದಿನಾಂಕ ಹಾಕಿದರೆ ಒಬ್ಬ ವಿದ್ಯಾರ್ಥಿಯ ಅಂಕ ಬರುತ್ತದೆ. ಪೋಷಕರಿಗೆ ಬೇಕಾದ ಇಡೀ ಶಾಲೆಯ ಲೆಕ್ಕ ಶಾಲೆಯ ಬಳಿ ಇರುತ್ತದೆ. ಅದನ್ನು ಕೇಳುವಾಗ 'ರಿಸಲ್ಟ್ ಎಷ್ಟು' ಎನ್ನಬೇಡಿ. ಉತ್ತರ 'ನೂರು' ಎಂದೇ ಬರುತ್ತದೆ. ಮೂರು ಸಂಖ್ಯೆ ಕೇಳಿ: ಹಿಂದಿನ ವರ್ಷ 9ರಲ್ಲಿ ಎಷ್ಟು ಮಕ್ಕಳಿದ್ದರು, ಪರೀಕ್ಷೆ–1ಕ್ಕೆ (ವರ್ಷದ ಮೊದಲ ಎಸ್ಸೆಸ್ಸೆಲ್ಸಿ ಪರೀಕ್ಷೆ) ಶಾಲೆಯ ಮೂಲಕ ಕೂತವರು ಎಷ್ಟು, ಪಾಸಾದವರು ಎಷ್ಟು.

ಒಂದು ಲೆಕ್ಕ ಮಾಡಿ ನೋಡೋಣ, ಅಂಕಿಗಳು ತಿಳಿವಳಿಕೆಗಾಗಿ ಹಾಕಿಕೊಂಡವು. ಒಂದು ಶಾಲೆಯಲ್ಲಿ 9ನೇ ತರಗತಿಯಲ್ಲಿ 62 ಮಕ್ಕಳು. ಮುಂದಿನ ವರ್ಷ 10ರಲ್ಲಿ 48. ನಲವತ್ತೆಂಟೂ ಪಾಸು. ಫ್ಲೆಕ್ಸ್ ಬಿತ್ತು: ಶೇ 100. ಇನ್ನೊಂದರಲ್ಲಿ 9ರಲ್ಲಿ 90, 10ರಲ್ಲಿ 88, ಪಾಸಾದವರು 79. ಅವರದು ಶೇ 89.8, ಫ್ಲೆಕ್ಸ್ ಇಲ್ಲ. ಈಗ 9ನೇ ತರಗತಿಯಿಂದ ಲೆಕ್ಕ ಹಾಕಿ. ಮೊದಲ ಶಾಲೆಯಲ್ಲಿ 62ರಲ್ಲಿ 48, ಅಂದರೆ ಶೇ 77.4. ಎರಡನೆಯದರಲ್ಲಿ 90ರಲ್ಲಿ 79, ಶೇ 87.8. ಮೊದಲನೆಯ ಶಾಲೆಯ ಆ 14 ಮಕ್ಕಳು ಎಲ್ಲಿ ಹೋದರು? ಕೆಲವರನ್ನು 9ರಲ್ಲೇ ನಪಾಸು ಮಾಡಿ ಉಳಿಸಿರಬಹುದು, ಕೆಲವರಿಗೆ 'ನಿಮ್ಮ ಹುಡುಗನಿಗೆ ಇಲ್ಲಿ ಕಷ್ಟ' ಎಂದು ಹೇಳಿ ಟಿಸಿ ಕೊಟ್ಟಿರಬಹುದು, ಇನ್ನು ಕೆಲವರನ್ನು ಖಾಸಗಿ ಅಭ್ಯರ್ಥಿಯಾಗಿ ಕೂರಿಸಿರಬಹುದು. ತರಗತಿಗೆ ಇಬ್ಬರು ಮೂವರು ಅಪ್ಪನ ವರ್ಗಾವಣೆಗೋ ಮನೆ ಬದಲಾಯಿಸಿದ್ದಕ್ಕೋ ಹೋಗುವುದು ಇದ್ದದ್ದೇ. ಹತ್ತರಲ್ಲಿ ಒಬ್ಬರಿಗಿಂತ ಹೆಚ್ಚು ಉದುರಿದರೆ ಶಾಲೆ ಕಾರಣ ಹೇಳಬೇಕು. ಮೊದಲ ಸಂಖ್ಯೆಯನ್ನು ಶಾಲೆ ಕೊಡದಿದ್ದರೂ ಪರವಾಗಿಲ್ಲ, ನೀವು ಇಳಿಸಿಕೊಂಡ ಹಳೆಯ ಯುಡೈಸ್ ಕಾರ್ಡಿನಲ್ಲಿ ಅದು ಇದೆ. ಹಿಂದಿನ ವರ್ಷಗಳದ್ದೂ ಬೇಕು ಎಂದದ್ದು ಇದಕ್ಕೇ.

ಇದಕ್ಕೆ ಉಲ್ಟಾ ಸಂಗತಿಯೂ ಉಂಟು. 9ಕ್ಕಿಂತ 10ರಲ್ಲಿ ಮಕ್ಕಳು ಹೆಚ್ಚಿದ್ದರೆ, ಬೇರೆಯವರು ಕಳಿಸಿಬಿಟ್ಟ ಮಕ್ಕಳನ್ನು ಆ ಶಾಲೆ ತೆಗೆದುಕೊಳ್ಳುತ್ತಿದೆ ಎಂದಿರಬಹುದು. ಅಂಥ ಶಾಲೆಯ ಶೇ 80, ಆಯ್ದು ಕೂರಿಸಿದ ಶಾಲೆಯ ನೂರಕ್ಕಿಂತ ಮೇಲು ಎಂಬುದು ನಮ್ಮ ಲೆಕ್ಕ.

ಚಿಕ್ಕ ಶಾಲೆಯನ್ನು ಒಂದು ವರ್ಷದ ಶೇಕಡಾದಿಂದ ಅಳೆಯಬೇಡಿ. 12 ಮಕ್ಕಳಿರುವ ಕಡೆ ಒಬ್ಬ ಹುಡುಗ ನಪಾಸಾದರೆ ಶೇ 8ಕ್ಕೂ ಹೆಚ್ಚು ಕುಸಿಯುತ್ತದೆ. ಮೂರು ವರ್ಷ ಕೂಡಿಸಿ. 12ರಲ್ಲಿ 10, 15ರಲ್ಲಿ 14, 11ರಲ್ಲಿ 11 ಎಂದರೆ 38ರಲ್ಲಿ 35, ಅಂದರೆ ಶೇ 92.

ಆದರೆ ವರ್ಷಗಳನ್ನು ಕೂಡಿಸುವಾಗ ಇನ್ನೊಂದು ತೊಡಕು: ಇತ್ತೀಚಿನ ಯಾವ ಎರಡು ವರ್ಷವೂ ಒಂದೇ ತಕ್ಕಡಿಯಲ್ಲಿಲ್ಲ. ರಾಜ್ಯದ ಒಟ್ಟು ಫಲಿತಾಂಶವನ್ನೇ ನೋಡಿ. 2023ರಲ್ಲಿ ಶೇ 83.89. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಬಂತು, ಶೇ 73.40ಕ್ಕೆ ಇಳಿಯಿತು. ಅದೂ ಆ ವರ್ಷ ಕೃಪಾಂಕವನ್ನು ಶೇ 20ಕ್ಕೆ ಏರಿಸಿದ ಮೇಲೆ ಬಂದ ಅಂಕಿ. 2025ರಲ್ಲಿ ಆ ಕೃಪಾಂಕ ಇಲ್ಲ, ಪರೀಕ್ಷೆ–1ರಲ್ಲಿ ಶೇ 62.34. ಅದೇ 2025ಕ್ಕೆ ಶೇ 66.14 ಎಂಬ ಅಂಕಿಯನ್ನೂ ಓದಿರುತ್ತೀರಿ, ಅದೂ ಸುಳ್ಳಲ್ಲ. 62.34 ಎಲ್ಲ ಅಭ್ಯರ್ಥಿಗಳನ್ನು ಸೇರಿಸಿ, 66.14 ಶಾಲೆಯಿಂದ ಮೊದಲ ಸಲ ಕೂತವರದು ಮಾತ್ರ. 2025–26ರಿಂದ ಪಾಸಾಗುವ ಮಿತಿಯೇ ಬದಲಾಗಿದೆ: ಪ್ರತಿ ವಿಷಯಕ್ಕೆ ಕನಿಷ್ಠ 30, ಒಟ್ಟು ಶೇ 33, ಅಂದರೆ 625ಕ್ಕೆ 206. ಹಾಗಾಗಿ 2025ರಿಂದ 2026ಕ್ಕೆ ಒಂದು ಶಾಲೆಯ ಫಲಿತಾಂಶ ಏರಿದರೆ ಅದನ್ನು ಶಾಲೆಯ ಸಾಧನೆ ಎಂದು ಒಪ್ಪಿಬಿಡಬೇಡಿ. ಆಯಾ ವರ್ಷದ ತಾಲ್ಲೂಕಿನ ಸರಾಸರಿಗಿಂತ ಶಾಲೆ ಎಷ್ಟು ಮೇಲೆ, ಎಷ್ಟು ಕೆಳಗೆ ಎಂದು ನೋಡಿ. ಆ ವ್ಯತ್ಯಾಸವನ್ನು ಮಾತ್ರ ವರ್ಷದಿಂದ ವರ್ಷಕ್ಕೆ ಹೋಲಿಸಬಹುದು. ತಾಲ್ಲೂಕಿನ ಸರಾಸರಿ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯಲ್ಲಿ ಸಿಗುತ್ತದೆ. ಇನ್ನೂ ಒಂದು: ಈಗ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ. ಎಲ್ಲ ಪರೀಕ್ಷೆಗಳಲ್ಲಿ ಪಾಸಾದವರನ್ನು ಕೂಡಿಸಿ ಒಂದು ಶಾಲೆ ಹೇಳುತ್ತದೆ, ಪರೀಕ್ಷೆ–1ರದನ್ನು ಮಾತ್ರ ಇನ್ನೊಂದು ಹೇಳುತ್ತದೆ.

ಪಾಸಿನ ಲೆಕ್ಕ ಮುಗಿದ ಮೇಲೆ ಗುಣಮಟ್ಟ. ಗ್ರೇಡಿನಂತೆ ಹಂಚಿ ಕೇಳಿ: 563ಕ್ಕೆ ಮೇಲ್ಪಟ್ಟ ಎ ಪ್ಲಸ್ ಎಷ್ಟು, 500ರಿಂದ 562ರ ಎ ಎಷ್ಟು, 313ಕ್ಕಿಂತ ಕೆಳಗೆ ಎಷ್ಟು. ಫ್ಲೆಕ್ಸ್ ಮೇಲಿನ ಮೊದಲ ಮೂವರು ಯಾವ ಶಾಲೆಯಲ್ಲಿದ್ದರೂ ಹಾಗೇ ಓದುತ್ತಿದ್ದರೇನೋ. ಶಾಲೆಯ ಕೈಚಳಕ ಗೊತ್ತಾಗುವುದು ನಡುವಿನ ಮಕ್ಕಳಲ್ಲಿ. ಒಟ್ಟು ಅಂಕವನ್ನು ಕಣ್ಣು ಮುಚ್ಚಿ ಹೋಲಿಸುವುದೂ ಸರಿಯಲ್ಲ. ಪ್ರಥಮ ಭಾಷೆಗೆ 125 ಅಂಕ, ಉಳಿದ ಐದಕ್ಕೆ ತಲಾ 100. ಪ್ರಥಮ ಭಾಷೆಯಾಗಿ ಸಂಸ್ಕೃತ ತೆಗೆದುಕೊಂಡ ಮಕ್ಕಳಿಗೆ ಪೂರ್ತಿ 125 ಬರುವುದು ಅಪರೂಪವಲ್ಲ, ಕನ್ನಡ ತೆಗೆದುಕೊಂಡವರಿಗೆ ಅಷ್ಟು ಸಲೀಸಲ್ಲ. ಎಲ್ಲರಿಗೂ ಸಂಸ್ಕೃತ ಕೊಡಿಸುವ ಶಾಲೆಯನ್ನು ಕನ್ನಡದ ಶಾಲೆಯ ಜೊತೆ ತೂಗುವಾಗ ಗಣಿತ, ವಿಜ್ಞಾನದ ಸರಾಸರಿ ಅಂಕ ಮಾತ್ರ ತೆಗೆದುಕೊಳ್ಳಿ. ಆ ಸರಾಸರಿಯೊಳಗೂ ನೂರರಲ್ಲಿ 20 ಶಾಲೆಯೇ ಕೊಡುವ ಆಂತರಿಕ ಅಂಕ ಇದೆ ಎಂಬುದು ನೆನಪಿರಲಿ.

ಶಾಲೆ ಲೆಕ್ಕ ಕೊಡದೆ ಸತಾಯಿಸಿದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಬಹುದು. ರಾಜ್ಯದ ಆರ್‌ಟಿಐ ಜಾಲತಾಣದಲ್ಲೂ ಹಾಕಬಹುದು, ಕಚೇರಿಗೆ ಹೋಗಿಯೂ ಕೊಡಬಹುದು. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಅರ್ಜಿ ತಿರಸ್ಕಾರವಾಗುವ ದೊಡ್ಡ ಕಾರಣ ಕರ್ನಾಟಕದ ನಿಯಮ: ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದದೊಳಗೆ. ಫಲಿತಾಂಶ, ಫೀಸು, ಕಟ್ಟಡ ಎಲ್ಲವನ್ನೂ ಒಂದರಲ್ಲೇ ತುಂಬಿದರೆ ವಾಪಸು ಬರುತ್ತದೆ. 'ಈ ಯುಡೈಸ್ ಕೋಡಿನ ಶಾಲೆಯಿಂದ ಇಂತಿಂಥ ಮೂರು ವರ್ಷ ಎಸ್ಸೆಸ್ಸೆಲ್ಸಿ ಪರೀಕ್ಷೆ–1ಕ್ಕೆ ನೋಂದಾಯಿಸಿದ, ಹಾಜರಾದ, ಉತ್ತೀರ್ಣರಾದ ಶಾಲಾ ಅಭ್ಯರ್ಥಿಗಳ ವರ್ಷವಾರು ಸಂಖ್ಯೆ' ಎಂದಷ್ಟೇ ಬರೆದು ಬಿಇಒ ಕಚೇರಿಯ ಸಾರ್ವಜನಿಕ ಮಾಹಿತಿ ಅಧಿಕಾರಿಗೆ ಕೊಡಿ. ಶಾಲೆ ಖಾಸಗಿಯಾದರೂ ಇಲಾಖೆಯ ಕಡತದಲ್ಲಿರುವ ಅಂಕಿಯನ್ನು ಕೇಳಲು ಅಡ್ಡಿಯಿಲ್ಲ. ಮೇ ತಿಂಗಳ ಅಡ್ಮಿಷನ್‌ಗೆ ಬೇಕಿದ್ದರೆ ಮಾರ್ಚಿನಲ್ಲೇ ಹಾಕಿರಬೇಕು.

ಸಿಬಿಎಸ್‌ಇ: ಬೋರ್ಡು ಒಂದು, ಮಾನ್ಯತೆ ಇನ್ನೊಂದು

ಗೇಟಿನ ಮೇಲೆ 'ಸಿಬಿಎಸ್‌ಇ ಪ್ಯಾಟರ್ನ್', 'ಸಿಬಿಎಸ್‌ಇ ಕರಿಕ್ಯುಲಮ್' ಎಂದಿದ್ದರೆ ಅದು ಸಿಬಿಎಸ್‌ಇ ಶಾಲೆ ಎಂದಾಗಲಿಲ್ಲ. ಪುಸ್ತಕ ಯಾರು ಬೇಕಾದರೂ ಕೊಂಡು ಓದಿಸಬಹುದು, 10ನೇ ತರಗತಿ ಪರೀಕ್ಷೆಗೆ ಕೂರಿಸಲು ಮಾನ್ಯತೆ ಬೇಕು. ಸರಸ್ ತಾಣದಲ್ಲಿ ಮಾನ್ಯತೆ ಪಡೆದ ಶಾಲೆಗಳ ಪಟ್ಟಿ ತೆರೆದು ರಾಜ್ಯ, ಜಿಲ್ಲೆ ಆರಿಸಿ, ಇಲ್ಲವೇ ಮಾನ್ಯತಾ ಸಂಖ್ಯೆ ಹಾಕಿ. ಕರ್ನಾಟಕದ ಖಾಸಗಿ ಶಾಲೆಗಳ ಸಂಖ್ಯೆ ಸಾಮಾನ್ಯವಾಗಿ 830ರಿಂದ ಶುರುವಾಗುತ್ತದೆ. ಶಾಲೆಯ ಸಾಲನ್ನು ತೆರೆದು ಎರಡು ವಿಷಯ ನೋಡಿ: ಯಾವ ತರಗತಿವರೆಗೆ ಮಾನ್ಯತೆ, ಎಂದಿನವರೆಗೆ. ಸೆಕೆಂಡರಿ ಮಟ್ಟ ಎಂದರೆ 10ರವರೆಗೆ, ಸೀನಿಯರ್ ಸೆಕೆಂಡರಿ ಎಂದರೆ 12. ಹೆಸರು ಪಟ್ಟಿಯಲ್ಲಿಲ್ಲ, 'ಅರ್ಜಿ ಹಾಕಿದ್ದೇವೆ, ಬರುತ್ತದೆ' ಎಂದರೆ ಬಂದ ಮೇಲೆ ಸೇರಿಸಿದರಾಯಿತು. ಒಂಬತ್ತನೇ ತರಗತಿಗೆ ಬಂದಾಗ ಮಾನ್ಯತೆ ಇಲ್ಲವೆಂದು ಗೊತ್ತಾದರೆ ಆ ಮಗು ಭಾಷೆ, ಪಠ್ಯ ಎರಡನ್ನೂ ಬದಲಾಯಿಸಿಕೊಂಡು ಒಂದೂವರೆ ವರ್ಷದಲ್ಲಿ ಎಸ್ಸೆಸ್ಸೆಲ್ಸಿಗೆ ಕೂರಬೇಕಾಗುತ್ತದೆ.

ಸಿಬಿಎಸ್‌ಇಯ ಒಂದು ನಿಯಮ ಪೋಷಕರಿಗೆ ನಿಜಕ್ಕೂ ಉಪಕಾರಿ. ಪ್ರತಿ ಶಾಲೆಯೂ ತನ್ನ ಜಾಲತಾಣದಲ್ಲಿ 'ಮ್ಯಾಂಡೇಟರಿ ಪಬ್ಲಿಕ್ ಡಿಸ್‌ಕ್ಲೋಷರ್' ಎಂಬ ಪುಟ ಇಡಲೇಬೇಕು. ಬಹಳ ಕಡೆ ಅದು ಮುಖಪುಟದ ಕೆಳ ತುದಿಯಲ್ಲಿ ಸಣ್ಣ ಅಕ್ಷರದಲ್ಲಿರುತ್ತದೆ. ಕಟ್ಟಡ ಸುರಕ್ಷತೆ, ಅಗ್ನಿ ಸುರಕ್ಷತೆ, ನೀರು–ನೈರ್ಮಲ್ಯದ ಪ್ರಮಾಣಪತ್ರಗಳು, ಫೀಸಿನ ವಿವರ, ಶಿಕ್ಷಕರ ಸಂಖ್ಯೆ, ಶಾಲೆಯ ಒಳಗೆಲ್ಲ ಸುತ್ತಿ ತೆಗೆದ ವೀಡಿಯೊದ ಕೊಂಡಿ, ಜೊತೆಗೆ ಮೂರು ವರ್ಷದ ಬೋರ್ಡ್ ಫಲಿತಾಂಶ. ಈ ಫಲಿತಾಂಶದ ಪಟ್ಟಿಯಲ್ಲಿ ನೋಂದಾಯಿಸಿದವರು ಎಷ್ಟು, ಪಾಸಾದವರು ಎಷ್ಟು ಎಂಬ ಎರಡೂ ಕಾಲಮ್ ಇರುತ್ತವೆ. ಫ್ಲೆಕ್ಸ್ ಬಚ್ಚಿಟ್ಟದ್ದನ್ನು ಇಲ್ಲಿ ಶಾಲೆಯೇ ಬರೆದಿಡಬೇಕು. ಅದನ್ನು ಯುಡೈಸ್‌ನ 9ನೇ ತರಗತಿಯ ಸಂಖ್ಯೆಯ ಪಕ್ಕ ಇಡಿ. ಪ್ರಮಾಣಪತ್ರದ ಪಿಡಿಎಫ್‌ಗಳನ್ನು ತೆರೆದು ದಿನಾಂಕ ನೋಡಿ, ಅವಧಿ ಮುಗಿದ ಅಗ್ನಿ ಸುರಕ್ಷತೆ ಪತ್ರ ಇನ್ನೂ ಅಲ್ಲೇ ಕೂತಿರುವುದು ಉಂಟು. ಪುಟವೇ ತೆರೆಯದಿದ್ದರೆ, ಕೊಂಡಿಗಳೆಲ್ಲ ಸತ್ತಿದ್ದರೆ ಅದೂ ಒಂದು ಉತ್ತರ.

ಸಿಬಿಎಸ್‌ಇ ಶಾಲೆಯ ಶೇಕಡಾವನ್ನು ಎಸ್ಸೆಸ್ಸೆಲ್ಸಿ ಶಾಲೆಯ ಶೇಕಡಾದೊಂದಿಗೆ ನೇರವಾಗಿ ಹೋಲಿಸಬಾರದು. ಪ್ರಶ್ನೆಪತ್ರಿಕೆ, ಮೌಲ್ಯಮಾಪನ, ಕೂರುವ ಮಕ್ಕಳ ಮನೆಯ ಸ್ಥಿತಿ ಯಾವುದೂ ಒಂದಲ್ಲ. ಬೋರ್ಡು ಯಾವುದು ಎಂದು ಮೊದಲು ಮನೆಯಲ್ಲಿ ತೀರ್ಮಾನಿಸಿ, ಹೋಲಿಕೆ ಅದರೊಳಗೆ ಮಾಡಿ.

ನಕ್ಷತ್ರಗಳು, 'ಟಾಪ್ 10' ಪಟ್ಟಿಗಳು, ಜಿಲ್ಲಾ ವರದಿಗಳು

'ತುಮಕೂರಿನ ಟಾಪ್ 10 ಶಾಲೆಗಳು' ಎಂಬ ಖಾಸಗಿ ತಾಣಗಳಿಗೆ ಹತ್ತು ನಿಮಿಷಕ್ಕಿಂತ ಹೆಚ್ಚು ಕೊಡಬೇಡಿ. ಯಾವ ಆಧಾರದ ಮೇಲೆ ಸಾಲು ಮಾಡಿದ್ದಾರೆ ಎಂದು ಬರೆದಿಲ್ಲದಿದ್ದರೆ ಅದು ಜಾಹೀರಾತು. 'ಇನ್ನಷ್ಟು ವಿವರಕ್ಕೆ ಮೊಬೈಲ್ ನಂಬರ್ ಹಾಕಿ' ಎಂದರೆ ಹಾಕಬೇಡಿ, ಜುಲೈವರೆಗೆ ಕರೆ ಬರುತ್ತಲೇ ಇರುತ್ತವೆ. ಮ್ಯಾಪಿನಲ್ಲಿರುವ ನಕ್ಷತ್ರಗಳಲ್ಲಿ ಐದು ಮತ್ತು ಒಂದನ್ನು ಬಿಟ್ಟು ಎರಡು, ಮೂರು, ನಾಲ್ಕು ಕೊಟ್ಟವರ ಮಾತು ಓದಿ. ಬಸ್ಸು ತಡ, ನಡುವರ್ಷದಲ್ಲಿ ಮೇಷ್ಟ್ರು ಬದಲಾವಣೆ, ಹೆಚ್ಚುವರಿ ಫೀಸು ಎಂದು ಹೆಸರಿಟ್ಟು ಹೇಳುವವರು ಅವರೇ. ಒಂದೇ ವಾರದಲ್ಲಿ ಇಪ್ಪತ್ತು ಐದು ನಕ್ಷತ್ರ ಬಿದ್ದಿದ್ದರೆ ಕಾರಣ ಬೇರೆ ಹೇಳಬೇಕಿಲ್ಲ.

ಮ್ಯಾಪು ನಿಜಕ್ಕೂ ಕೆಲಸಕ್ಕೆ ಬರುವುದು ದಾರಿ ನೋಡಲು. ಹೊರಡುವ ಸಮಯವನ್ನು ಸೋಮವಾರ ಬೆಳಿಗ್ಗೆ 8.15 ಎಂದು ಇಟ್ಟು ನೋಡಿ. ಭಾನುವಾರ ಸಂಜೆ 12 ನಿಮಿಷ ತೋರಿಸಿದ ಶೆಟ್ಟಿಹಳ್ಳಿ–ಕ್ಯಾತ್ಸಂದ್ರ ದಾರಿ ಆಗ ಎಷ್ಟಾಗುತ್ತದೆ ಎಂದು ಗೊತ್ತಾಗುತ್ತದೆ. ಶಾಲಾ ವ್ಯಾನು ಹತ್ತು ಕಡೆ ನಿಲ್ಲುತ್ತದೆ, ಬಂದ ಸಮಯಕ್ಕೆ ಇನ್ನರ್ಧ ಸೇರಿಸಿ.

ಮಕ್ಕಳ ಕಲಿಕೆಯನ್ನು ಅಳೆಯುವ ಅಸರ್, 2024ರ ಡಿಸೆಂಬರ್‌ನಲ್ಲಿ ನಡೆದ ಪರಖ್ ಸಮೀಕ್ಷೆಗಳ ವರದಿ ಓದಲು ಚೆನ್ನಾಗಿವೆ. ಆದರೆ ಅವು ಮಾದರಿ ತೆಗೆದು ಜಿಲ್ಲೆ, ರಾಜ್ಯದ ಮಟ್ಟದಲ್ಲಿ ಮಾತಾಡುತ್ತವೆ. ಪಕ್ಕದ ಬೀದಿಯ ಶಾಲೆಯ ಬಗ್ಗೆ ಅವುಗಳಲ್ಲಿ ಏನೂ ಸಿಗದು.

ಶಾಲೆಗೆ ಹೋಗುವ ದಿನ

ಮೂರು ಶಾಲೆಗಿಂತ ಹೆಚ್ಚು ಅಂತಿಮ ಪಟ್ಟಿಯಲ್ಲಿ ಇಟ್ಟುಕೊಳ್ಳಬೇಡಿ. ಒಂದೇ ಹಾಳೆಯಲ್ಲಿ ಮೂರು ಕಂಬ ಎಳೆದು ಯುಡೈಸ್ ಕೋಡ್, ನೀವು ಸೇರಿಸುವ ತರಗತಿಯ ಒಂದು ವಿಭಾಗದಲ್ಲಿ ಮಕ್ಕಳೆಷ್ಟು, ಕಾಯಂ ಶಿಕ್ಷಕರು, ಬಳಕೆಯಲ್ಲಿರುವ ಶೌಚಾಲಯ, 9ರಿಂದ ಪಾಸಾದವರ ಲೆಕ್ಕ, ಮನೆಯಿಂದ ಹಿಡಿಯುವ ನಿಮಿಷ, ವರ್ಷದ ಒಟ್ಟು ಖರ್ಚು ಬರೆಯಿರಿ. ಖರ್ಚಿನಲ್ಲಿ ಫೀಸಿನ ಜೊತೆಗೆ ಪುಸ್ತಕ, ಸಮವಸ್ತ್ರ, ವ್ಯಾನು, ಶೂ ಎಲ್ಲವೂ ಸೇರಿರಲಿ. ಅಂಕ ಕೊಟ್ಟು ಕೂಡಿಸಿ ರ‍್ಯಾಂಕ್ ತೆಗೆಯುವ ಗೋಜಿಗೆ ಹೋಗಬೇಡಿ. ಗಣಿತಕ್ಕೆ ಮೇಷ್ಟ್ರಿಲ್ಲದ ಕೊರತೆಯನ್ನು ಒಳ್ಳೆಯ ಆಟದ ಮೈದಾನ ತುಂಬುವುದಿಲ್ಲ.

ಆ ಹಾಳೆ ಹಿಡಿದು ಶಾಲೆ ನಡೆಯುತ್ತಿರುವ ದಿನವೇ ಹೋಗಿ, ಅಡ್ಮಿಷನ್ ಕೌಂಟರಿನ ಎಸಿ ಕೊಠಡಿಯಲ್ಲಿ ಕೂತು ಎದ್ದು ಬರಬೇಡಿ. ಶೌಚಾಲಯದ ನಲ್ಲಿ ತಿರುಗಿಸಿ ನೋಡಿ. ಗ್ರಂಥಾಲಯದ ಪುಸ್ತಕ ಕೊಟ್ಟ ರಿಜಿಸ್ಟರ್ ತೋರಿಸಿ ಎನ್ನಿ, ಕೊನೆಯ ದಿನಾಂಕ ಯಾವುದು ಎಂದು ಓದಿ. 4ನೇ ತರಗತಿಯ ಯಾವುದಾದರೂ ಒಂದು ಮಗುವಿನ ಗಣಿತದ ನೋಟ್‌ಬುಕ್ ಕೇಳಿ ಹಿಂದಿನಿಂದ ತಿರುವಿ ಹಾಕಿ. ತಪ್ಪು ಮಾಡಿದ ಲೆಕ್ಕಕ್ಕೆ ಕೆಂಪು ಗೀಟು ಎಳೆದು ಬಿಟ್ಟಿದ್ದಾರೋ, ಪಕ್ಕದಲ್ಲಿ ಮತ್ತೆ ಮಾಡಿಸಿದ್ದಾರೋ ನೋಡಿ. ಯಾವ ತಾಣದಲ್ಲೂ ಸಿಗದ ಮಾಹಿತಿ ಆ ಎರಡು ಪುಟದಲ್ಲಿರುತ್ತದೆ. ಸರ್ಕಾರಿ ಶಾಲೆಯಾದರೆ ಎಸ್‌ಡಿಎಂಸಿಯ (ಪೋಷಕರಿರುವ ಶಾಲಾಭಿವೃದ್ಧಿ ಸಮಿತಿ) ಸದಸ್ಯರೊಬ್ಬರನ್ನು ಮಾತಾಡಿಸಿ, ಅವರಿಗೆ ಎಚ್‌ಎಂಗಿಂತ ಬಿಚ್ಚಿ ಹೇಳುವ ಸ್ವಾತಂತ್ರ್ಯ ಹೆಚ್ಚು.

ಆರಿಸಿಯಾದ ಮೇಲೆ, ಹಣ ಕಟ್ಟುವ ಮೊದಲು ಪ್ರವೇಶದ ಅರ್ಜಿ ನಮೂನೆಯನ್ನು ತಿರುಗಿಸಿ ನೋಡಿ. ಅದರ ಮೇಲಿರುವ ಶಾಲೆಯ ಹೆಸರು, 11 ಅಂಕಿಯ ಕೋಡ್ ನೀವು ಹಾಳೆಯಲ್ಲಿ ಬರೆದುಕೊಂಡದ್ದೇ ಆಗಿರಬೇಕು. ಒಂದು ಅಂಕಿ ಬೇರೆಯಾಗಿದ್ದರೂ ಅದು ಬೇರೆ ಶಾಲೆ. ನಾಳೆ ರಾಜ್ಯದ ವಿದ್ಯಾರ್ಥಿ ದಾಖಲೆಯ ತಾಣವಾದ ಎಸ್‌ಎಟಿಎಸ್‌ನಲ್ಲಿ ಮಗುವಿನ ಹೆಸರು ಏರುವುದೂ, ಟಿಸಿ ಬರುವುದೂ ಆ ಕೋಡಿನ ಶಾಲೆಯಿಂದಲೇ.